ಹದಿನೇಳರ ಅಪ್ಪನಿಗೆ ಏನು ಹೇಳೋಣ?

ಮೂವತ್ತರ ಗೆಳೆಯ ಅಪ್ಪನಾದರೆ ಆಫೀಸಲ್ಲಿ ಕೇಕ್ ಕಟ್ ಮಾಡ್ತೀವಿ. ಹದಿನೇಳರ ಹುಡುಗ ಅಪ್ಪನಾದ ಅಂತ ಕೇಳಿದರೆ ‘ಒಳಗೆ ಹಾಕ್ಬೇಕು’ ಅಂತೀವಿ.

ಕಾನೂನೂ ಅವನನ್ನು ಮೊದಲು ಆರೋಪಿಯಾಗೇ ನೋಡುತ್ತೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಹದಿನಾರರ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಇಬ್ಬರೂ ಇಷ್ಟಪಟ್ಟಿದ್ದರೂ ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಈ ವಯೋಮಿತಿಯನ್ನು ಮರುಚಿಂತಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಮಿತಿ ಇಳಿಸೋದು ಬೇಡ, ಹದಿನಾರು ದಾಟಿದವರ ಪ್ರಕರಣಗಳಲ್ಲಿ ಶಿಕ್ಷೆ ಕೊಡುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂತ 2023ರಲ್ಲಿ ಆಯೋಗ ಉತ್ತರಿಸಿತು. ಎಲ್ಲವೂ ಶಿಕ್ಷೆಯ ಲೆಕ್ಕ. ಆದರೆ ಹುಟ್ಟಿದ ಮಗುವಿಗೆ ಆರನೇ ವಾರಕ್ಕೆ ಲಸಿಕೆ ಹಾಕಿಸಬೇಕಲ್ಲ, ಅದು ಯಾರ ಲೆಕ್ಕಕ್ಕೆ?

ಸದ್ಯಕ್ಕೆ ಹುಡುಗಿಯ ಲೆಕ್ಕಕ್ಕೆ, ಅವಳ ಅಮ್ಮನ ಲೆಕ್ಕಕ್ಕೆ. ತಾಯಿ ಕಾರ್ಡ್ ಅವಳ ಕೈಲಿ, ಆಶಾ ಕಾರ್ಯಕರ್ತೆ ಬರೋದು ಅವಳ ಮನೆಗೆ. ಸ್ಕೂಲು ಬಿಟ್ಟವಳೂ ಅವಳೇ. ‘ಇಂಥ ಹುಡುಗನಿಗೆ ಕೌನ್ಸೆಲಿಂಗ್, ಪೇರೆಂಟಿಂಗ್ ಕ್ಲಾಸು ಅಂತ ಕೊಟ್ಟರೆ ತಪ್ಪಿಗೆ ಬಹುಮಾನ ಕೊಟ್ಟ ಹಾಗಲ್ವಾ?’ ಅಂತ ಕೇಳುವವರಿದ್ದಾರೆ. ಮಗುವಿಗೆ ಸ್ನಾನ ಮಾಡಿಸೋದು, ರಾತ್ರಿ ಜ್ವರ ಬಂದರೆ ಏನು ಮಾಡಬೇಕು ಅಂತ ತಿಳಿಯೋದು, ಅಳು ನಿಲ್ಲದಿದ್ದಾಗ ಸಿಟ್ಟಲ್ಲಿ ಅಲುಗಾಡಿಸದೆ ತಾಳ್ಮೆಯಿಂದ ಇರೋದು, ದುಡಿಮೆಯ ಪಾಲು ಮಗುವಿಗೆ ತೆಗೆದಿಡೋದು: ಇದ್ಯಾವ ಬಹುಮಾನ ಹೇಳಿ? ಇದು ಕೆಲಸ. ಅದೇ ವಯಸ್ಸಿನ ಹುಡುಗಿಯಿಂದ ಕೇಳದೇನೇ ಮಾಡಿಸ್ಕೊಳ್ತಿರೋ ಕೆಲಸ.

ಹಾಗಂತ ಎಲ್ಲ ಹುಡುಗರಿಗೂ ಮಗುವಿನ ಹತ್ತಿರ ಬಿಡಿ ಅಂತಲ್ಲ. ಬಲವಂತ, ಹೊಡೆತ, ಬೆದರಿಕೆ ಇದ್ದಲ್ಲಿ ಹುಡುಗಿಯ ಸುರಕ್ಷತೆಯೇ ಮೊದಲು. ಅವನು ಅವಳ ಬದುಕಲ್ಲಿ ಎಷ್ಟು ಹತ್ತಿರ ಇರಬೇಕು ಅನ್ನೋದನ್ನು ಅವಳೇ ಹೇಳಲಿ. ಇಬ್ಬರಿಗೂ ಮದುವೆ ಮಾಡಿಸಿ ಮುಚ್ಚಿಹಾಕೋ ದಾರಿಯೂ ಇದಾಗಬಾರದು. ಹುಡುಗನಿಗೆ 21, ಹುಡುಗಿಗೆ 18 ಆಗದೆ ಮದುವೆ ಮಾಡುವಂತಿಲ್ಲ.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಂಡಳಿ ಹುಡುಗನನ್ನು ಗುಂಪು ಆಪ್ತಸಮಾಲೋಚನೆಗೆ ಕಳಿಸಬಹುದು. ಅಲ್ಲಿ ಒಬ್ಬ ಸಮಾಜಕಾರ್ಯಕರ್ತ ಕೂತು ಅಪ್ಪನ ಕೆಲಸವನ್ನೂ ಕಲಿಸಲಿ, ಓದು ಬಿಡದ ಹಾಗೆ ನೋಡಿಕೊಳ್ಳಲಿ. ‘ಹೊಣೆಗೇಡಿ’ ಅಂತ ಬೈಯೋದು ಸುಲಭ. ಹೊಣೆ ಹೊರೋದನ್ನು ಯಾರೂ ಕಲಿಸದೆ, ಹೊರೋಕೆ ಅವಕಾಶವನ್ನೂ ಕೊಡದೆ ಹಾಗೆ ಬೈಯೋ ಹಕ್ಕು ನಮಗಿದೆಯಾ?