ಕಣ್ಣು ಕಿವಿಗಳಿಗೆ ಒಬ್ಬನೇ ಸಾಕ್ಷಿ

ಮನೆಗೆ ಹೋಂ ಥಿಯೇಟರ್ ತಂದವರಿಗೆ ಮೊದಲು ಎದುರಾಗುವ ಪ್ರಶ್ನೆ ವೈರಿನದು. ಸೆಟ್ ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ಲನ್ನು ಸ್ಪೀಕರುಗಳನ್ನು ನಡೆಸುವ ರಿಸೀವರಿಗೆ ಕೊಟ್ಟು, ಧ್ವನಿಯನ್ನು ಅಲ್ಲೇ ಇಳಿಸಿಕೊಂಡು, ಚಿತ್ರವನ್ನು ಟಿವಿಗೆ ಕಳಿಸುವುದೋ? ಇಲ್ಲ, ಎರಡನ್ನೂ ನೇರವಾಗಿ ಟಿವಿಗೆ ಕೊಟ್ಟು, ಅಲ್ಲಿಂದ ಧ್ವನಿಯನ್ನಷ್ಟೇ ರಿಸೀವರಿಗೆ ವಾಪಸು ತರಿಸಿಕೊಳ್ಳುವುದೋ? ಅಂಗಡಿಗಳಲ್ಲಿ ಇದು ಅನುಕೂಲದ ಮಾತಾಗಿ ಬಗೆಹರಿದುಹೋಗುತ್ತದೆ. ನನಗೆ ಇದರ ಅಡಿಯಲ್ಲಿ ಹಳೆಯ ತತ್ತ್ವಪ್ರಶ್ನೆಯೊಂದು ಕಾಣುತ್ತದೆ: ಬೇರೆ ಬೇರೆ ದಾರಿಯಲ್ಲಿ ಬಂದ ನೋಟವೂ ಶಬ್ದವೂ ಒಂದಾಗುವುದು ಎಲ್ಲಿ? ರಾಯಚೂರು ಜಿಲ್ಲೆಯ ಕುರ್ಡಿಯಲ್ಲಿ ಕೂತು ಇದನ್ನು ಕೇಳಿಕೊಳ್ಳುವುದು ಸಹಜವೇ ಆಗಿದೆ. ಇದು ಹರಿದಾಸರ ಸೀಮೆ: ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಮಾನ್ವಿಯ ಆಸುಪಾಸಿನವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಮಧ್ವರ ಸಿದ್ಧಾಂತವನ್ನು ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಭಾಮಿನಿ ಷಟ್ಪದಿಗೆ ಇಳಿಸಿದ ಮೇಲೆ, ಸಂಸ್ಕೃತ ಬಾರದವರ ಮನೆಯ ಪಡಸಾಲೆಗೂ ಅದು ಬಂತು. ಆ ಸಿದ್ಧಾಂತದಲ್ಲಿ ಅರಿವಿನ ಕೊನೆಯ ನ್ಯಾಯಾಧೀಶನಿಗೆ ಸಾಕ್ಷಿ ಎಂದು ಹೆಸರು. ನನ್ನ ವಾದ ಇಷ್ಟು: ಚಿತ್ರ ಮತ್ತು ಧ್ವನಿಯನ್ನು ಒಂದುಗೂಡಿಸುವುದು ಯಂತ್ರವಲ್ಲ, ಆ ಸಾಕ್ಷಿ; ಇದನ್ನು ಒಪ್ಪಿದರೆ ವೈರನ್ನು ಹೇಗೆ ಹಾಕಬೇಕೆಂಬುದಕ್ಕೂ ಉತ್ತರ ಸಿಗುತ್ತದೆ.

ಮೊದಲು ಯಂತ್ರದ ಕಡೆ ನೋಡೋಣ. ಚಿತ್ರವೂ ಧ್ವನಿಯೂ ಒಂದೇ ಕೇಬಲ್ಲಿನಲ್ಲಿ ಜೊತೆಯಾಗಿಯೇ ಹೊರಡುತ್ತವೆ. ದಾರಿಯಲ್ಲಿ ಅಗಲುತ್ತವೆ. ಟಿವಿ ತನಗೆ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಹಿಗ್ಗಿಸುತ್ತದೆ, ನಯಗೊಳಿಸುತ್ತದೆ, ಎರಡು ಚೌಕಟ್ಟುಗಳ ನಡುವೆ ತಾನೇ ಒಂದನ್ನು ಕಲ್ಪಿಸಿ ಸೇರಿಸುತ್ತದೆ. ಇದಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು, ಕೆಲವು ಟಿವಿಗಳಲ್ಲಿ ನೂರನ್ನೂ ದಾಟುತ್ತದೆ. ಅಷ್ಟರಲ್ಲಿ ರಿಸೀವರಿನ ಸ್ಪೀಕರುಗಳು ಮಾತಾಡಿ ಮುಗಿಸಿರುತ್ತವೆ. ಇದಕ್ಕೆಂದೇ 2006ರ ಎಚ್‌ಡಿಎಂಐ 1.3ರಲ್ಲಿ ಒಂದು ಏರ್ಪಾಟು ಬಂತು: ಟಿವಿ ತನ್ನ ತಡ ಎಷ್ಟೆಂದು ರಿಸೀವರಿಗೆ ಹೇಳುತ್ತದೆ, ರಿಸೀವರ್ ಅಷ್ಟು ಹೊತ್ತು ಧ್ವನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಯಾರೂ ತುಟಿಯನ್ನು ನೋಡುತ್ತಿಲ್ಲ, ಮಾತನ್ನು ಕೇಳುತ್ತಿಲ್ಲ. ಒಬ್ಬರು ಹೇಳಿದ ಅಂಕಿಯನ್ನು ಇನ್ನೊಬ್ಬರು ನಂಬುತ್ತಾರೆ, ಅಷ್ಟೇ. ಅಂಕಿ ತಪ್ಪಿದ್ದರೆ ಅದು ತಪ್ಪೆಂದು ತಿಳಿಯುವ ದಾರಿ ರಿಸೀವರಿಗಿಲ್ಲ. ತಪ್ಪು ಗೊತ್ತಾಗುವುದು ಸೋಫಾದ ಮೇಲೆ ಕೂತವರಿಗೆ.

ಅವರಿಗೆ ಗೊತ್ತಾಗುವ ಬಗೆಯೂ ವಿಚಿತ್ರವಾದದ್ದು. ತುಂಗಭದ್ರೆಯ ದಂಡೆಯಲ್ಲಿ ಯಾರೋ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುವುದನ್ನು 170 ಮೀಟರ್ ದೂರದಿಂದ ನೋಡಿ. ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ನಿಮ್ಮನ್ನು ಮುಟ್ಟಲು ಅರ್ಧ ಸೆಕೆಂಡು ಬೇಕು. ಬಟ್ಟೆ ಕಲ್ಲಿಗೆ ಬಡಿದದ್ದು ಕಾಣುತ್ತದೆ, ಒಗೆಯುವವರ ಕೈ ಮತ್ತೆ ಮೇಲೇಳುವಾಗ ಬಡಿತ ಕೇಳುತ್ತದೆ. ಆದರೂ ಆ ಸದ್ದು ಆ ಕಲ್ಲಿನದೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಸದ್ದು ಮೊದಲು ಬಂದು ಬಡಿತ ಆಮೇಲೆ ಕಂಡರೆ? ಹಾಗೆ ಪ್ರಕೃತಿಯಲ್ಲಿ ಎಲ್ಲೂ ನಡೆಯುವುದಿಲ್ಲ, ಆದ್ದರಿಂದ ನಾವು ಅದನ್ನು ಸಹಿಸುವುದೂ ಇಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗೆ ಕೊಟ್ಟ ಶಿಫಾರಸಿನಲ್ಲೂ ಇದೇ ಕಾಣುತ್ತದೆ: ಧ್ವನಿ 45 ಮಿಲಿಸೆಕೆಂಡು ಮುಂದೆ ಬಂದರೆ ಸಾಕು, ನೋಡುವವರು ಗುರುತಿಸುತ್ತಾರೆ, ಹಿಂದೆ ಬಿದ್ದರೆ 125ರವರೆಗೆ ಗುರುತಿಸುವುದಿಲ್ಲ. ಅಂದರೆ ನಮ್ಮೊಳಗೆ ಎರಡು ಇಂದ್ರಿಯಗಳ ಸುದ್ದಿಯನ್ನು ಅಕ್ಕಪಕ್ಕದಲ್ಲಿಟ್ಟು ಯಾವುದು ಮೊದಲು, ಯಾವುದು ಆಮೇಲೆ ಎಂದು ತೂಗುವ ಏನೋ ಇದೆ. ಕಣ್ಣಿಗೆ ಶಬ್ದ ಗೊತ್ತಿಲ್ಲ, ಕಿವಿಗೆ ರೂಪ ಗೊತ್ತಿಲ್ಲ. ಅವೆರಡರಲ್ಲಿ ಯಾವುದೂ ಈ ತೀರ್ಪು ಕೊಡಲಾರದು.

ಇದನ್ನು ನಮ್ಮ ಹಿಂದಿನವರು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ನೋಡಿದ ವಸ್ತುವನ್ನೇ ಮುಟ್ಟುತ್ತಿದ್ದೇನೆ ಎಂಬ ಅರಿವು ಇರುವುದರಿಂದ ಇಂದ್ರಿಯಗಳಿಗಿಂತ ಬೇರೆಯಾದ ಆತ್ಮವೊಂದಿದೆ ಎಂದು ನ್ಯಾಯಸೂತ್ರಗಳು ವಾದಿಸುತ್ತವೆ. ಅದೇ ನೈಯಾಯಿಕರು ಮನಸ್ಸು ಅಣುವಿನಷ್ಟು, ಒಂದು ಗಳಿಗೆಗೆ ಒಂದೇ ಇಂದ್ರಿಯದೊಡನೆ ಕೂಡುತ್ತದೆ ಎಂದರು. ಆಗ ಎದುರಾಳಿಗಳು ಒಡ್ಡಿದ್ದು ಉದ್ದನೆಯ ಚಕ್ಕುಲಿಯನ್ನು. ಅದನ್ನು ಕಡಿಯುವಾಗ ರೂಪ, ವಾಸನೆ, ರುಚಿ, ಸ್ಪರ್ಶ, ಕಟುಂ ಎನ್ನುವ ಸದ್ದು ಐದೂ ಒಟ್ಟಿಗೇ ಆಗುತ್ತವಲ್ಲ? ನೂರು ತಾವರೆ ಎಸಳುಗಳನ್ನು ಪೇರಿಸಿ ಸೂಜಿ ಚುಚ್ಚಿದರೆ ಒಂದೇ ಸಲಕ್ಕೆ ತೂತಾದಂತೆ ಕಾಣುತ್ತದೆ, ನಿಜದಲ್ಲಿ ಒಂದಾದ ಮೇಲೊಂದು ಎಂದು ನೈಯಾಯಿಕರ ಉತ್ತರ. ಜಾಣ ಉತ್ತರವೇ. ಆದರೆ ಮನಸ್ಸೇ ಒಂದರಿಂದೊಂದಕ್ಕೆ ಓಡುತ್ತಿದ್ದರೆ, ಓಟದ ಹಿಂದುಮುಂದನ್ನು ಅಳೆಯುವುದು ಯಾವುದು? ಮಧ್ವರ ಉತ್ತರ ನನಗೆ ಇಲ್ಲಿ ಹೆಚ್ಚು ಗಟ್ಟಿಯೆನಿಸುತ್ತದೆ. ಸಾಕ್ಷಿ ಎಂದರೆ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಸುಖದುಃಖಗಳನ್ನೂ ಮನಸ್ಸಿನ ಅರಿವುಗಳನ್ನೂ ಅದು ನೇರವಾಗಿ ಕಾಣುತ್ತದೆ. ಅವುಗಳ ಜೊತೆಗೆ ಕಾಲವನ್ನೂ ಕಾಣುತ್ತದೆ. ಕಾಲವನ್ನು ಊಹಿಸಿ ತಿಳಿಯುವುದಲ್ಲ, ನೇರವಾಗಿ ತಿಳಿಯುವುದು. ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ ಎಂದು ಲೆಕ್ಕ ಹಾಕದೆ, ಕಾರಣ ಗೊತ್ತಿಲ್ಲದೆ ಥಟ್ಟನೆ ಕಸಿವಿಸಿಯಾಗುತ್ತದಲ್ಲ, ಆ ಅನುಭವಕ್ಕೆ ಇದಕ್ಕಿಂತ ಹೊಂದುವ ವಿವರಣೆಯನ್ನು ನಾನು ಕಂಡಿಲ್ಲ.

ಬೌದ್ಧರು ಒಪ್ಪುವುದಿಲ್ಲ. ಕಾಣುವ ಕ್ಷಣ, ಕೇಳುವ ಕ್ಷಣ, ಅವುಗಳ ಪ್ರವಾಹ ಇಷ್ಟೇ ಸಾಕು, ಒಡೆಯನೊಬ್ಬ ಯಾಕೆ ಎನ್ನುತ್ತಾರೆ. ಆದರೆ ಎರಡು ಕ್ಷಣಗಳು ಒಂದರ ಹಿಂದೆ ಒಂದು ಬರುವುದು ಬೇರೆ, ಹಾಗೆ ಬಂದವೆಂದು ತಿಳಿಯುವುದು ಬೇರೆ. ಎರಡನೆಯದಕ್ಕೆ ಎರಡನ್ನೂ ಹಿಡಿದು ನಿಂತವನು ಬೇಕೇ ಬೇಕು. ಇದಕ್ಕಿಂತ ಕಷ್ಟದ ಆಕ್ಷೇಪ ಪ್ರಯೋಗಶಾಲೆಯಿಂದ ಬಂದದ್ದು. 1976ರಲ್ಲಿ ಮೆಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಸಂಶೋಧಕರು 'ಗ' ಎನ್ನುವ ತುಟಿಗಳ ಚಿತ್ರಕ್ಕೆ 'ಬ' ಎನ್ನುವ ಧ್ವನಿ ಜೋಡಿಸಿದರು. ಬಹಳ ಜನಕ್ಕೆ ಕೇಳಿದ್ದು 'ಡ'. ಚಿತ್ರದಲ್ಲೂ ಇಲ್ಲದ, ಧ್ವನಿಯಲ್ಲೂ ಇಲ್ಲದ ಅಕ್ಷರ. ಹೀಗೆ ಮೋಸಹೋಗುವ ಸಾಕ್ಷಿಯನ್ನು ಮಾಧ್ವರಂತೆ ದೋಷವಿಲ್ಲದ್ದು ಎನ್ನುವುದು ಹೇಗೆ? ಮಾಧ್ವರು ತಪ್ಪುಗಳನ್ನು ಇಲ್ಲವೆನ್ನುವುದಿಲ್ಲ, ಅವು ಇಂದ್ರಿಯಗಳವು, ಮನಸ್ಸಿನವು ಎನ್ನುತ್ತಾರೆ. ಸಂಶಯ ಬಂದಲ್ಲಿ ಸಾಕ್ಷಿ ಪರೀಕ್ಷೆಯ ನೆರವು ಪಡೆದು ನಿಶ್ಚಯಿಸುತ್ತದೆ. ಈ ಪ್ರಯೋಗದಲ್ಲೂ ಕಣ್ಣು ಮುಚ್ಚಿದರೆ 'ಬ' ಎಂದೇ ಕೇಳುತ್ತದೆ. ಮೊದಲು ಕೇಳಿದ್ದು ತಪ್ಪು, ಈಗಿನದು ಸರಿ ಎಂದು ಗೊತ್ತುಮಾಡಿಕೊಳ್ಳುವವನು ಮೋಸದ ಆಚೆ ನಿಂತೇ ಹಾಗೆ ಹೇಳಬೇಕು. ಸಂಶೋಧಕರಿಗೂ ಇದನ್ನು ಭ್ರಮೆ ಎಂದು ಕರೆಯಲು ಸಾಧ್ಯವಾದದ್ದು ಆ ನೆಲೆ ಇದ್ದದ್ದರಿಂದ. ಇನ್ನು, ಕ್ಯಾಮೆರಾ ಮತ್ತು ಮೈಕ್ ಇಟ್ಟು ವ್ಯತ್ಯಾಸ ಅಳೆಯುವ ಉಪಕರಣಗಳಿವೆಯಲ್ಲ ಎಂದರೆ, ಇವೆ. ಅವು ಎರಡು ಅಂಕಿಗಳ ಅಂತರವನ್ನು ಹೇಳುತ್ತವೆ. ಆ ಅಂತರವನ್ನು ದೋಷ ಎಂದು ಹೇಳಿಕೊಟ್ಟವರು, ಮಾತು ಆ ಮುಖದ್ದೇ ಎಂದು ಅರಿತ ಮನುಷ್ಯರು.

ಈಗ ವೈರಿಗೆ ಬರೋಣ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಚಿತ್ರಕ್ಕೆ ಹೊಸ ಕೇಬಲ್ಲು, ಧ್ವನಿಗೆ ಉಳಿದದ್ದು ಎಂಬ ಕ್ರಮ. ಟಿವಿಯ ಆಪ್ಟಿಕಲ್ ತೂತಿನಿಂದ ರಿಸೀವರಿಗೆ ಬರುವುದು ಎರಡೇ ಚಾನೆಲ್ಲಿನ ಧ್ವನಿ, ಇಲ್ಲವೇ ಹಿಂಡಿ ಕಿರಿದು ಮಾಡಿದ 5.1. ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಯ ಧ್ವನಿಯನ್ನು ರಿಸೀವರಿಗೆ ಹಿಂದಿರುಗಿಸುವ, 2009ರಲ್ಲಿ ಬಂದ ಎಆರ್‌ಸಿಯದೂ ಹೆಚ್ಚುಕಡಿಮೆ ಅದೇ ಮಿತಿ. ಅದರ ಸುಧಾರಿತ ರೂಪವಾದ 2017ರ ಇಎಆರ್‌ಸಿ ಬಂದ ಮೇಲೆಯೇ ಹಿಂಡದ ಧ್ವನಿ ಟಿವಿಯಿಂದ ಹಿಂದಿರುಗುವಂತಾದದ್ದು. ಭಾಗವತದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಭಕ್ತಿಗಳಲ್ಲಿ ಶ್ರವಣವೇ ಮೊದಲು. ತಂಬೂರಿ ಹಿಡಿದ ದಾಸರ ಸೀಮೆಯಲ್ಲಿ ಕಿವಿಗೆ ಎಂಜಲು ಬಡಿಸುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಬಾಕ್ಸು ಮೊದಲು ರಿಸೀವರಿಗೆ, ಅಲ್ಲಿಂದ ಟಿವಿಗೆ. ಇದಕ್ಕೆ ನನ್ನ ಮಾತನ್ನೇ ಹಿಡಿದು ಆಕ್ಷೇಪಿಸಬಹುದು: ಹಾಗೆ ಹಾಕಿದರೆ ಧ್ವನಿ ಮುಂದೆ ಬರುತ್ತದೆ, ಟಿವಿಯ ಮೂಲಕ ಬಂದರೆ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದನ್ನು ಸಹಿಸುತ್ತೇವೆ ಎಂದಮೇಲೆ ಎರಡನೆಯ ದಾರಿಯೇ ಮೇಲಲ್ಲವೇ? ಅಲ್ಲ. ಮುಂದೆ ಬಂದ ಧ್ವನಿಯನ್ನು ರಿಸೀವರಿನ ಡಿಲೇಯಲ್ಲಿ ತಡೆದು ನಿಲ್ಲಿಸಬಹುದು, ಹಿಂದೆ ಬಿದ್ದದ್ದನ್ನು ಮುಂದಕ್ಕೆ ಎಳೆಯುವ ಗುಂಡಿ ಯಾವ ರಿಸೀವರಿನಲ್ಲೂ ಇಲ್ಲ. ಮೊದಲನೆಯದು ಸಾಕ್ಷಿಗೆ ತಿದ್ದುವ ಅವಕಾಶ ಬಿಡುತ್ತದೆ, ಎರಡನೆಯದು ಸಹಿಸಿಕೊಳ್ಳಲು ಮಾತ್ರ ಬಿಡುತ್ತದೆ. ಟಿವಿ ಹೊಸದಿದ್ದು ರಿಸೀವರ್ ಹಳೆಯದಾಗಿ, 4ಕೆ ಚಿತ್ರ ಅದರ ಮೂಲಕ ಹಾಯದಿದ್ದರೆ ಬೇರೆ ಮಾತು. ಆಗ ಟಿವಿಯಿಂದ ಧ್ವನಿ ವಾಪಸು ತರಿಸುವ ದಾರಿಯನ್ನೇ ಹಿಡಿಯಬೇಕು. ಡಿಲೇ ಹೊಂದಿಸುವಾಗ ಟಿವಿ ಹೇಳಿದ ಅಂಕಿಯಿಂದ ಶುರುಮಾಡಿ, ಚಿಟಿಕೆ ತಾಳ ಹಿಡಿದು ಹಾಡುವವರ ವಿಡಿಯೋ ಒಂದನ್ನು ಹಾಕಿ, ಐದೈದು ಮಿಲಿಸೆಕೆಂಡು ಏರಿಸುತ್ತ ಹೋಗಿ. ಚಿಟಿಕೆಯ ಎರಡು ಹಲಗೆ ಕೂಡುವುದು ಕಂಡಾಗಲೇ ಚಟ್ ಎನ್ನುವ ಸದ್ದೂ ಬರುವ ಕಡೆ ಕೈ ಬಿಡಿ.