ಇಚ್ಛೆಗೊಂದು ಮೇರೆ



ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಮನೆಯ ವಸ್ತುಗಳೊಡನೆ ಅವುಗಳನ್ನು ಬಯಸುವ ಮನಸ್ಸನ್ನೂ ಅಳೆಯಬೇಕೆಂಬುದೇ ಆ ಹೆಸರಿನ ಮರ್ಮ.

ನಗರದ ಎರಡು ಕೋಣೆಗಳ ಮನೆಯಲ್ಲಿರುವ ಗೃಹಸ್ಥನೊಬ್ಬನು ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ಉಪವಾಸವಿದ್ದು ವರ್ಷದ ಖರ್ಚಿನ ಪುಸ್ತಕವನ್ನು ತೆರೆದನೆನ್ನಿ. ಕುಕ್ಕರು, ಮಿಕ್ಸಿ, ನಾಲ್ಕು ಕುರ್ಚಿ, ಇನ್ನೊಂದು ಕುಕ್ಕರು, ಹಬ್ಬದ ರಿಯಾಯಿತಿಗೆ ಬಂದ ಪಾತ್ರೆಗಳು. ಕೊಳ್ಳುವಾಗ ಒಂದೊಂದೂ ಅವಶ್ಯಕವೆಂದೇ ತೋರಿತ್ತು. ಕಡೆಗೆ ಇವನ್ನೆಲ್ಲ ಇಡಲು ಒಂದು ಬೀರು. ಅದು ಬಂದು ನಿಂತದ್ದು ವೃದ್ಧ ತಾಯಿ ನಿತ್ಯವೂ ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತಿದ್ದ ಮೂಲೆಯಲ್ಲಿ! ಆ ತಾಯಿ ಒಂದು ಮಾತನ್ನೂ ಆಡಲಿಲ್ಲ. ಚಾಪೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲ ಬಳಿಗೆ ಹೋದರು. ಪುಸ್ತಕದಲ್ಲಿ ಬೀರುವಿನ ಬೆಲೆ ಬರೆದಿತ್ತು. ಆ ಮೂಲೆಯ ಬೆಲೆಯನ್ನು ಯಾರೂ ಬರೆದಿರಲಿಲ್ಲ.

ಕುಕ್ಕರು ಪಾಪವಲ್ಲ. ಮೂರ್ಛೆಯೇ, ಅಂದರೆ ಮಮತ್ವವೇ, ಪರಿಗ್ರಹವೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಆದರೆ ಮಮತ್ವವು ವಸ್ತುವಿನ ಬೆನ್ನೇರಿಯೇ ಮನೆ ಹೊಗುತ್ತದೆ. ಆದುದರಿಂದಲೇ ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಭೂಮಿ, ಚಿನ್ನಗಳ ಜೊತೆಗೆ ಬಟ್ಟೆ, ಪಾತ್ರೆಗಳನ್ನೂ ಎಣಿಸಲಾಗಿದೆ. ಅತಿಸಂಗ್ರಹ, ಪರರ ಸಿರಿಗೆ ಬೆರಗಾಗುವ ವಿಸ್ಮಯ, ಲೋಭ ಇವು ಈ ವ್ರತದ ಅತಿಚಾರಗಳು. ಮೂರೂ ಆ ಪುಸ್ತಕದ ಪುಟಗಳಲ್ಲಿ ಅವನಿಗೆ ಕಂಡವು.

ಹೊಟ್ಟೆ ಒಂದು ದಿನ ಉಪವಾಸವಿದ್ದು, ಕಣ್ಣು ವರ್ಷವಿಡೀ ಅಂಗಡಿಯಲ್ಲಿ ಉಂಡರೆ ನಿರ್ಜರೆ ಎಲ್ಲಿಯದು? ಆ ಗೃಹಸ್ಥನು ಮಾರನೆಯ ದಿನವೇ ಹೆಚ್ಚಿನ ಪಾತ್ರೆಗಳನ್ನು ದಾನವಿತ್ತನು, ಬೀರುವನ್ನೂ ಕಳುಹಿಸಿದನು. ಬಟ್ಟೆ, ಪಾತ್ರೆ, ಪೀಠೋಪಕರಣಗಳಿಗೆ ಸಂಖ್ಯೆ ಗೊತ್ತುಮಾಡಿ, ಜಿನಬಿಂಬದ ಮುಂದೆ ನಿಯಮ ಸ್ವೀಕರಿಸಿದನು. ಸಂಜೆ ತಾಯಿಯ ಚಾಪೆ ಹಳೆಯ ಮೂಲೆಗೆ ಮರಳಿತು. ನಮ್ಮ ಮನೆಗಳಲ್ಲಿ ಅಂಥ ಮೂಲೆ ಉಳಿದಿದೆಯೇ ಎಂದು ಈ ಪರ್ವದಲ್ಲಿ ಒಮ್ಮೆ ನೋಡಿಕೊಳ್ಳೋಣ.