ಕುದುರೆಯ ಮೀಸೆ

ಚೆನ್ನಾಗಿ ಕಾಣಬೇಕು ಅಂತ ತಯಾರಾಗೋದು ಸುಳ್ಳು ಹೇಳಿದ ಹಾಗಾ? ಇಂಟರ್‌ವ್ಯೂಗೆ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಹೋದರೆ ಯಾರೂ ಮೋಸ ಅನ್ನಲ್ಲ. ಮಾಡದೇ ಇರೋ ಪ್ರಾಜೆಕ್ಟನ್ನ ರೆಸ್ಯೂಮೆಗೆ ಸೇರಿಸಿದರೆ ಅಂತೀವಿ. ಇವೆರಡರ ನಡುವೆ ಎಲ್ಲೋ ಒಂದು ಗೆರೆ ಇದೆ. ಅದು ಎಲ್ಲಿದೆ ಅಂತ ನಾನು ಯೋಚಿಸೋಕೆ ಶುರು ಮಾಡಿದ್ದು ಆಫೀಸಿನಲ್ಲಲ್ಲ, ಬ್ರಿಟನ್ನಿನ ಪೋನಿ ಪ್ರದರ್ಶನಗಳಲ್ಲಿ.

ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದಾಗ ಬೇಸಿಗೆಯ ರಜಾ ದಿನಗಳಲ್ಲಿ ಕೃಷಿ ಮೇಳಗಳಿಗೆ ಹೋಗ್ತಿದ್ದೆ. ದನದ ಜಾತ್ರೆ ನೋಡಿ ಬೆಳೆದವನಿಗೆ ಮ್ಯೂಸಿಯಂಗಿಂತ ಅದೇ ಹಿತ. ಅಂಥ ಮೇಳಗಳಲ್ಲಿ ಹೆಸರಾದದ್ದು ವೇಲ್ಸ್‌ನ ರಾಯಲ್ ವೆಲ್ಷ್ ಶೋ. 1904ರಲ್ಲಿ ಶುರುವಾಗಿ ಊರೂರು ಸುತ್ತುತ್ತಿದ್ದದ್ದು, 1963ರಿಂದ ಬಿಲ್ತ್ ವೆಲ್ಸ್ ಪಟ್ಟಣದ ಪಕ್ಕದ ಮೈದಾನದಲ್ಲಿ ನೆಲೆ ನಿಂತಿದೆ. ಅಲ್ಲಿ ಕಣ್ಣಿಗೆ ಬೀಳೋದು ವೆಲ್ಷ್ ಮೌಂಟನ್ ಪೋನಿಗಳು. ಎತ್ತರ 12 ಹ್ಯಾಂಡ್ ಮೀರಬಾರದು, ಅಂದರೆ ಹೆಗಲಿನ ಹತ್ತಿರ ನಾಲ್ಕಡಿ.

ಇವುಗಳಲ್ಲಿ ಎಳೆಯವನ್ನ ‘ಇನ್-ಹ್ಯಾಂಡ್’ ತೋರಿಸ್ತಾರೆ. ಜೀನಿಲ್ಲ, ಸವಾರನಿಲ್ಲ, ಹಗ್ಗ ಹಿಡಿದು ಪಕ್ಕದಲ್ಲಿ ನಡೆಸಿಕೊಂಡು ಬರೋದು. ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಅಂತ ಬೇರೆ ಬೇರೆ ಗುಂಪು. ತೀರ್ಪುಗಾರರು ಮೈಕಟ್ಟು, ಕಾಲು, ನಡಿಗೆ, ತಳಿಯ ಲಕ್ಷಣ ನೋಡ್ತಾರೆ. ವರ್ಷದ ಪೋನಿಯ ಬೆನ್ನ ಮೇಲೆ ಇನ್ನೂ ಯಾರೂ ಕೂತೇ ಇಲ್ಲ. ಕಣ್ಣು ನೋಡ್ತಿರೋದು ಇವತ್ತಿನ ಪೋನಿಯನ್ನ, ಬೆಲೆ ಕಟ್ಟುತ್ತಿರೋದು ನಾಳೆಯ ಪೋನಿಗೆ. ಫ್ರೆಷರ್ ಇಂಟರ್‌ವ್ಯೂ ಥರ ಅನ್ನಿ.

ಇದಕ್ಕೆ ತಯಾರಿ ತಿಂಗಳುಗಟ್ಟಲೆ. ಹಗ್ಗಕ್ಕೆ ಒಗ್ಗಿಸಬೇಕು. ನಾಲ್ಕೂ ಕಾಲು ಕಾಣೋ ಹಾಗೆ ನಿಲ್ಲೋದು, ಅಪರಿಚಿತರು ಮುಟ್ಟಿದರೆ ಬೆದರದೇ ಇರೋದು, ಪಕ್ಕದವರ ಹೆಜ್ಜೆಗೆ ಹೊಂದಿಕೊಂಡು ಓಡೋದು, ಎಲ್ಲ ಕಲಿಸಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಸಮ ಮಾಡಿಸಬೇಕು. ಮೇಳದ ಹಿಂದಿನ ದಿನ ಸ್ನಾನ, ಬಾಲ ಬಾಚೋದು. ಬಿಳಿ ಕಾಲಿಗೆ ಸೀಮೆಸುಣ್ಣದ ಪುಡಿ, ಮೂತಿಗೂ ಕಣ್ಣಿನ ಸುತ್ತಲೂ ಒಂದು ಚೂರು ಎಣ್ಣೆ ಹಚ್ಚೋರೂ ಇದ್ದಾರೆ. ವೆಲ್ಷ್ ತಳಿಗಳನ್ನ ಆದಷ್ಟು ಸಹಜವಾಗಿ ತೋರಿಸಬೇಕು ಅನ್ನೋದು ಅಲ್ಲಿನ ಸಂಪ್ರದಾಯ. ಸಹಜವಾಗಿ ಕಾಣೋದಕ್ಕೆ ಇಷ್ಟೊಂದು ಕೆಲಸ!

ನನಗೆ ಇದು ಹೊಸದೇನೂ ಅಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಹತ್ತಿರ ಬಂದಾಗ ನಮ್ಮ ತಾತ ಹಳ್ಳಿಕಾರ್ ಹೋರಿಗಳಿಗೆ ನೆನೆಸಿದ ಹುರುಳಿ ತಿನ್ನಿಸಿ, ಮೈ ಉಜ್ಜಿ, ಕೊಂಬಿಗೆ ಎಣ್ಣೆ ಹಚ್ಚೋರು. ಒಂದು ಸಲ ಕೇಳಿದೆ: “ತಾತ, ಇಷ್ಟೆಲ್ಲ ಮಾಡಿದ್ರೆ ಕೊಳ್ಳೋರಿಗೆ ಮೋಸ ಅಲ್ವಾ?” ತಾತ ಕೈ ನಿಲ್ಲಿಸದೇ ಹೇಳಿದ್ರು: “ಕೊಂಡೋನು ನಾಳೆ ಹೋರಿನ ಮನೆಗೆ ಹೊಡ್ಕೊಂಡು ಹೋಗ್ತಾನೆ ಕಣ್ಲಾ, ಹಚ್ಚಿದ ಎಣ್ಣೇನಲ್ಲ. ಹೋರಿ ಚೆನ್ನಾಗಿರ್ಬೇಕು ಅಷ್ಟೆ.”

ಆ ಮಾತಿನ ಪ್ರಕಾರ ಸ್ನಾನ, ಎಣ್ಣೆ, ಶಿಸ್ತು ಯಾವುದೂ ಸುಳ್ಳಲ್ಲ. ಇದ್ದದ್ದನ್ನ ಸರಿಯಾಗಿ ಕಾಣಿಸೋ ಕೆಲಸ ಅದು. ನಿಲ್ಲೋದು ಕಲಿತ ಪೋನಿಗೆ ಮುಂದೆ ವೈದ್ಯರು ಬಂದಾಗಲೂ ಅನುಕೂಲ. ಆದರೆ ಇದೇ ತಯಾರಿಯಲ್ಲಿ ಬೇರೆ ಥರದ ಎರಡು ಕೆಲಸಗಳೂ ಇವೆ.

ಒಂದು, ಮೀಸೆ ಬೋಳಿಸೋದು. ಮೂತಿ ನುಣುಪಾಗಿ ಕಾಣಲಿ ಅಂತ ಮೂತಿಯ, ಕಣ್ಣಿನ ಸುತ್ತಲಿನ ಉದ್ದ ಕೂದಲನ್ನ ತೆಗೆಯೋ ರೂಢಿ ಹಳೆಯದು. ಕುದುರೆಗೆ ತನ್ನ ಮೂತಿಯ ಕೆಳಗೆ ಏನಿದೆ ಅಂತ ಕಾಣಿಸಲ್ಲ. ಆ ಕೂದಲಿಂದಲೇ ತಡವಿ ತಿಳ್ಕೊಳ್ಳೋದು. ಎರಡು, ಅತಿಯಾಗಿ ಕೊಬ್ಬಿಸೋದು. ಮೈ ತುಂಬಿದರೆ ಕತ್ತು ಬೆನ್ನಿನ ಕುಂದು ಮುಚ್ಚಿಹೋಗುತ್ತೆ, ಮರಿ ವಯಸ್ಸಿಗೆ ಮೀರಿ ಬೆಳೆದ ಹಾಗೆ ಕಾಣುತ್ತೆ. ಆದರೆ ಇವು ಬೆಟ್ಟದ ಬಡ ಹುಲ್ಲಿಗೆ ಹೊಂದಿಕೊಂಡ ಜೀವಗಳು. ಮೈ ಬಂದರೆ ಲ್ಯಾಮಿನೈಟಿಸ್ ಬರೋ ಅಪಾಯ ಹೆಚ್ಚು. ಗೊರಸಿನ ಒಳಪದರಕ್ಕೆ ಪೆಟ್ಟಾಗಿ ನಿಲ್ಲೋದೇ ನೋವು. ಯಾವ ಕಾಲುಗಳಿಗೆ ಬಹುಮಾನ ಕೇಳ್ತಿದ್ದೀವೋ ಆ ಕಾಲುಗಳನ್ನೇ ಒತ್ತೆ ಇಟ್ಟ ಹಾಗೆ.

ಗೆರೆ ಇಲ್ಲಿದೆ ಅಂತ ನನಗನ್ನಿಸುತ್ತೆ. ನೋಡೋರಿಗೆ ಮೋಸ ಆಯ್ತಾ ಅನ್ನೋದೊಂದೇ ಪ್ರಶ್ನೆ ಸಾಲದು. ಬೋಳಿಸಿದ ಮೂತಿಯಿಂದ ತೀರ್ಪುಗಾರರಿಗೇನೂ ಮೋಸ ಇಲ್ಲ, ಎದುರಿಗೇ ಕಾಣುತ್ತೆ. ಕೇಳಬೇಕಾದದ್ದು, ಈ ಅಂದಕ್ಕೆ ಬೆಲೆ ತೆರೋರು ಯಾರು ಅಂತ. ರಿಬ್ಬನ್ ಹಗ್ಗ ಹಿಡಿದವನ ಗೋಡೆಗೆ. ನೋವು ಪೋನಿಗೆ. ಎಂಟ್ರಿ ಫಾರಂ ತುಂಬಿದ್ದು ಪೋನಿ ಅಲ್ಲವಲ್ಲ.

“ಎಲ್ಲರೂ ಮಾಡ್ತಾರೆ, ನಾನೊಬ್ಬ ಬಿಟ್ಟರೆ ಸೋಲ್ತೀನಿ” ಅನ್ನೋ ವಾದ ಇದೆ. ಅದನ್ನ ತಳ್ಳಿಹಾಕೋಕಾಗಲ್ಲ. ಅದಕ್ಕೇ ನಿಯಮ ಬೇಕು. ಅಂತರರಾಷ್ಟ್ರೀಯ ಕುದುರೆ ಕ್ರೀಡೆಗಳನ್ನ ನಡೆಸೋ ಎಫ್‌ಇಐ ಸಂಸ್ಥೆ 2021ರ ಜುಲೈ 1ರಿಂದ, ಮೀಸೆ ಬೋಳಿಸಿದ ಕುದುರೆ ತನ್ನ ಸ್ಪರ್ಧೆಗಳಿಗೆ ಇಳಿಯೋ ಹಾಗಿಲ್ಲ ಅಂತ ಮಾಡಿತು. ಅಲ್ಲಿಗೆ ಮೀಸೆ ಉಳಿಸಿದವನಿಗೆ ಸೋಲೋ ಭಯ ಹೋಯ್ತು. ಕೊಬ್ಬಿಗೆ ಅಂಥ ಸುಲಭದ ನಿಯಮ ಇಲ್ಲ. ಅಲ್ಲಿ ಎಲ್ಲ ನಿಂತಿರೋದು ತೀರ್ಪುಗಾರರ ಕಣ್ಣಿನ ಮೇಲೆ. ಅವರು ಡುಮ್ಮ ಪೋನಿಗೆ ರಿಬ್ಬನ್ ಕೊಡ್ತಾ ಹೋದರೆ ಜನ ತಿನ್ನಿಸ್ತಾ ಹೋಗ್ತಾರೆ.

ಈಗ ನಮ್ಮ ಕಡೆ ನೋಡಿ. ನಮ್ಮ ಫೀಲ್ಡಿನಲ್ಲಿ ಆರು ತಿಂಗಳ ಹುಡುಗಿಯನ್ನ ಕ್ಲೈಂಟ್ ಮುಂದೆ ‘ಮೂರು ವರ್ಷ ಅನುಭವ’ ಅಂತ ನಿಲ್ಲಿಸೋದು ಕೇಳದ ಕಥೆಯೇನಲ್ಲ. ಕ್ಲೈಂಟ್‌ಗೆ ಆದ ಮೋಸದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆ ಹುಡುಗಿ ಕಳ್ಕೊಂಡದ್ದೇನು? ಇನ್ನು ಅವಳು ಕಾಲ್‌ನಲ್ಲಿ ಡೌಟ್ ಕೇಳೋ ಹಾಗಿಲ್ಲ. ಮೂರು ವರ್ಷದವಳಿಗೆ ಇದು ಗೊತ್ತಿರಬೇಕಲ್ವಾ? ಹೊಸಬರಿಗೆ ಡೌಟ್ ಕೇಳೋದೇ ಮೀಸೆ, ಕಣ್ಣಿಗೆ ಕಾಣದ್ದನ್ನ ತಡವಿ ತಿಳಿಯೋ ದಾರಿ. ಬಿಲ್ಲಿಂಗ್ ಚೆನ್ನಾಗಿ ಕಾಣಲಿ ಅಂತ ಅದನ್ನೇ ಬೋಳಿಸಿ ಕಳಿಸ್ತೀವಿ.

ಮೂವತ್ತು ದಾಟಿದ ನಮ್ಮಲ್ಲಿ ಬಹಳ ಜನ ಈಗ ಹಗ್ಗ ಹಿಡಿಯೋ ಜಾಗದಲ್ಲಿದ್ದೀವಿ, ಕೆಲವು ಸಲ ತೀರ್ಪುಗಾರರ ಜಾಗದಲ್ಲೂ. ಜೂನಿಯರ್‌ಗಳಿಗೆ ಚೆನ್ನಾಗಿ ಮಾತಾಡೋದು ಕಲಿಸೋಣ, ಡೆಮೋ ಹತ್ತು ಸಲ ಮಾಡಿಸೋಣ, ಅದೆಲ್ಲ ಅವರ ಜೊತೆಗೇ ಉಳಿಯುತ್ತೆ. ಇಂಟರ್‌ವ್ಯೂ ಮಾಡುವಾಗ “ಗೊತ್ತಿಲ್ಲ, ತಿಳ್ಕೋತೀನಿ” ಅಂದವರಿಗೆ ಮಾರ್ಕ್ಸ್ ಕಡಿಮೆ ಮಾಡದೇ ಇರೋಣ. ನಿಯಮ ಬರೋವರೆಗೂ ಕಾಯಬೇಕಾಗಿಲ್ಲದ ಕೆಲಸ ಇದು.